ಹವಳ ಮುದುಡಿದಾಗ ಎಲ್ಲಿಂದ ಹುಡುಕಬೇಕು: ಹಾಸನ–ಚಿಕ್ಕಮಗಳೂರಿನ ಪುಟ್ಟ ರೀಫ್ ಟ್ಯಾಂಕಿಗೆ ದೋಷ ನಿವಾರಣೆ ಕೈಪಿಡಿ

ನಿನ್ನೆ ದೀಪ ಆರುವವರೆಗೂ ಅರಳಿಕೊಂಡಿದ್ದ ಜೋವಾಂಥಸ್ ಹವಳಗಳು ಇವತ್ತು ಮಧ್ಯಾಹ್ನವಾದರೂ ಬಾಯಿ ಬಿಟ್ಟಿಲ್ಲ. ಮಶ್ರೂಮ್ ಹವಳ ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿದೆ. ಮೀನು ಮೇಲ್ಮೈಗೆ ಬಂದು ಒಂದೇ ಸಮ ಕಿವಿರು ಬಡಿಯುತ್ತಿದೆ. ಇಂಥ ಹೊತ್ತಿನಲ್ಲಿ ಕೈ ತಾನಾಗಿ ಔಷಧಿ ಬಾಟಲಿಯ ಕಡೆ ಹೋಗುತ್ತದೆ. ದಯವಿಟ್ಟು ತಡೆಯಿರಿ. ನಮ್ಮ ಎರಡು ಜಿಲ್ಲೆಗಳಲ್ಲಿ ಪುಟ್ಟ ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿ) ಕೆಡುವುದು ಹವಳಕ್ಕೆ ರೋಗ ಬಂದು ಅಲ್ಲ. ಬಹುಪಾಲು ಕರೆಂಟು, ನೀರು, ಕೋಣೆಯ ಗಾಳಿ, ಈ ಮೂರರಲ್ಲಿ ಯಾವುದೋ ಒಂದು ಹಳಿ ತಪ್ಪಿ. ಆ ಒಂದನ್ನು ಹಿಡಿದರೆ ಔಷಧಿಯ ಅಗತ್ಯವೇ ಬೀಳುವುದಿಲ್ಲ. ಹಿಡಿಯದೆ ಔಷಧಿ ಹಾಕಿದರೆ ಎರಡು ದೋಷ ಸೇರಿಕೊಳ್ಳುತ್ತವೆ, ಆಮೇಲೆ ಯಾವುದು ಯಾವುದೆಂದು ಬಿಡಿಸಲಾಗುವುದಿಲ್ಲ.

ಇಲ್ಲಿನ ಲೆಕ್ಕಗಳೆಲ್ಲ ಎರಡಡಿ ಉದ್ದದ ಟ್ಯಾಂಕಿಗೆ: 60 ಸೆಂ.ಮೀ. ಉದ್ದ, 30 ಅಗಲ, 36 ಎತ್ತರ. ಗಾಜಿನ ಲೆಕ್ಕದಲ್ಲಿ ಅದು 64 ಲೀಟರ್ ದಾಟುತ್ತದೆ. ಆದರೆ ಕಲ್ಲು, ಮರಳು, ಮೇಲೆ ಬಿಟ್ಟ ನಾಲ್ಕು ಬೆರಳು ಜಾಗ ಕಳೆದರೆ ನಿಜವಾದ ನೀರು ಸುಮಾರು 45 ಲೀಟರ್. ಯಾವುದೇ ಪ್ರಮಾಣ ಲೆಕ್ಕ ಹಾಕುವಾಗ ಈ 45 ಅನ್ನೇ ಹಿಡಿಯಿರಿ, 64 ಅನ್ನಲ್ಲ. ಕಲ್ಲಿನ ಮೇಲೆ ಒತ್ತೊತ್ತಾಗಿ ಜೋವಾಂಥಸ್, ಮಶ್ರೂಮ್, ಲೆದರ್, ಝೀನಿಯಾ ಎಂಬ ಮೃದು ಹವಳಗಳು. ಒಂದು ಜೋಡಿ ಕ್ಲೌನ್ ಮೀನು, ಒಂದು ಸಿಗಡಿ, ಏಳೆಂಟು ಬಸವನಹುಳು. ತುಂಬಿದ ಮನೆ ಎಂದರೆ ಇಷ್ಟೇ.

ಕಲ್ಲುಹವಳ, ಸೀ ಫ್ಯಾನ್, ಕಪ್ಪು ಹವಳ, ಬೆಂಕಿ ಹವಳ ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನೇತ್ರಾಣಿಯಿಂದಲೋ ಲಕ್ಷದ್ವೀಪದಿಂದಲೋ ಒಂದು ತುಂಡು ಎತ್ತಿಕೊಂಡು ಬರುವುದೂ ಅಪರಾಧ, ಸತ್ತ ಹವಳದ ಕಲ್ಲಾದರೂ ಅಷ್ಟೇ. ಆದ್ದರಿಂದ ಈ ಕೈಪಿಡಿ ಮೃದು ಹವಳಗಳಿಗೆ, ಕೃತಕ ರೀಫ್ ಕಲ್ಲಿಗೆ ಸೀಮಿತ. ಬಣ್ಣಕ್ಕೆ ಅವೇ ಬೇಕಾದಷ್ಟಾಯಿತು.

ಯಾರು ಮೊದಲು ಸೋತರು?

ಟ್ಯಾಂಕಿನ ಮುಂದೆ ಐದು ನಿಮಿಷ ಸುಮ್ಮನೆ ಕೂತು ನೋಡಿ. ಎಲ್ಲ ಹವಳವೂ ಮುಚ್ಚಿದೆಯೋ, ಒಂದು ಜಾತಿ ಮಾತ್ರವೋ, ಒಂದು ಮೂಲೆ ಮಾತ್ರವೋ? ರಾತ್ರೋರಾತ್ರಿ ಆದದ್ದೋ, ಎರಡು ವಾರದಿಂದ ನಿಧಾನವಾಗಿ ಕುಗ್ಗಿದ್ದೋ? ರಾತ್ರೋರಾತ್ರಿ ಎಲ್ಲವೂ ಮುಚ್ಚಿದರೆ ನೀರೇ ಕೆಟ್ಟಿದೆ: ತಾಪ, ಉಪ್ಪು, ಅಮೋನಿಯಾ ಅಥವಾ ವಿಷ. ಎರಡು ವಾರದಲ್ಲಿ ಎಲ್ಲವೂ ಕುಗ್ಗಿದ್ದರೆ ಕೆಎಚ್ (ಪಿಎಚ್ ಏರುಪೇರಾಗದಂತೆ ತಡೆಯುವ ಕಾರ್ಬೊನೇಟ್ ಅಂಶ) ಇಳಿದಿರಬಹುದು, ನೈಟ್ರೇಟ್–ಫಾಸ್ಫೇಟ್ ಶೂನ್ಯಕ್ಕೆ ಹೋಗಿರಬಹುದು. ಒಂದು ಮೂಲೆ ಮಾತ್ರ ಎಂದರೆ ಬೆಳಕು ಅಥವಾ ನೀರಿನ ಹರಿವು. ಒಂದೇ ಹವಳ ಎಂದರೆ ಅದರ ಪಕ್ಕದವರು, ಇಲ್ಲವೇ ಅದರ ಮೇಲಿನ ಹುಳ.

ಹವಳ ಬಿಟ್ಟು ಉಳಿದ ಜೀವಿಗಳೂ ಸುಳಿವು ಕೊಡುತ್ತವೆ. ಮೀನು ಮೇಲೆ ಬಂದು ಏದುಸಿರು ಬಿಡುತ್ತಿದ್ದು ಸಿಗಡಿ ಆರಾಮಾಗಿದ್ದರೆ ಮೊದಲ ಅನುಮಾನ ಆಮ್ಲಜನಕದ ಮೇಲೆ. ಸಿಗಡಿ ಅಂಗಾತ ಬಿದ್ದು ಕಾಲು ಒದರುತ್ತಿದ್ದು ಹವಳಗಳು ಅರಳಿಯೇ ಇದ್ದರೆ ಕೀಟನಾಶಕ. ಕೋಣೆಯಲ್ಲಿ ರಾತ್ರಿಯಿಡೀ ಉರಿದ ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ಸೊಳ್ಳೆ ದ್ರವ, ಜಿರಳೆ ಸ್ಪ್ರೇ ಇವುಗಳಲ್ಲಿರುವ ಪೈರೆಥ್ರಾಯ್ಡ್‌ಗಳು ಸಿಗಡಿ–ಏಡಿಗಳ ಕುಲಕ್ಕೆ ಕಡು ವಿಷ. ಬಸವನಹುಳುಗಳು ಗಾಜಿನಿಂದ ಕಳಚಿ ಮರಳಿಗೆ ಬಿದ್ದು, ಸಿಗಡಿ ಸತ್ತು, ಝೀನಿಯಾ ಕರಗತೊಡಗಿದರೆ ತಾಮ್ರ. ಈ ಮೂರನೆಯದನ್ನು ಮುಂದೆ ವಿವರವಾಗಿ ನೋಡೋಣ; ನಮ್ಮ ಕಡೆ ಅದು ಬರುವ ದಾರಿಗಳು ಬಹಳ.

ಆಮೇಲೆ ಅಳತೆ. ಕ್ರಮ ಹೀಗಿರಲಿ: ತಾಪಮಾನ, ಉಪ್ಪಿನಂಶ, ಅಮೋನಿಯಾ, ಕೆಎಚ್, ಕೊನೆಗೆ ನೈಟ್ರೇಟ್ ಮತ್ತು ಫಾಸ್ಫೇಟ್. ಸರಿಯಿದ್ದರೆ ಸಿಗಬೇಕಾದದ್ದು 25ರಿಂದ 26 ಡಿಗ್ರಿ, ಉಪ್ಪು 35 ಪಿಪಿಟಿ (ಸಾವಿರ ಭಾಗಕ್ಕೆ 35), ಅಮೋನಿಯಾ ಶೂನ್ಯ, ಕೆಎಚ್ 8ರಿಂದ 9, ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು), ಫಾಸ್ಫೇಟ್ 0.03ರಿಂದ 0.1 ಪಿಪಿಎಂ. ಅಮೋನಿಯಾ 0.25 ಪಿಪಿಎಂ ಕಂಡರೂ ಸಾಕು, ಮೊದಲು ತಲೆ ಎಣಿಸಿ. ಕಲ್ಲಿನ ಸಂದಿಯಲ್ಲಿ ಸತ್ತು ಸಿಕ್ಕಿಕೊಂಡ ಒಂದು ಮೀನು 45 ಲೀಟರಿನ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ಅದನ್ನು ತೆಗೆದು, 12ರಿಂದ 14 ಲೀಟರ್ ನೀರು ಬದಲಿಸಿ.

ಹೀಟರ್

ಚಿಕ್ಕಮಗಳೂರಿನಲ್ಲಿ ಡಿಸೆಂಬರ್–ಜನವರಿಯ ಬೆಳಗಿನ ಜಾವ ಹೊರಗೆ 14–15 ಡಿಗ್ರಿಗೆ ಇಳಿಯುವುದು ಮಾಮೂಲು. ಹಾಸನವೂ ಹೆಚ್ಚು ಹಿಂದೆ ಬೀಳುವುದಿಲ್ಲ. ಕೋಣೆಯೊಳಗೆ 18 ಇದ್ದರೂ ಹೀಟರ್ ನೀರನ್ನು ಏಳೆಂಟು ಡಿಗ್ರಿ ಎತ್ತಿ ಹಿಡಿಯಬೇಕು. ಲೀಟರಿಗೆ ಒಂದು ವ್ಯಾಟ್ ಎಂಬ ಅಂಗಡಿಯ ಲೆಕ್ಕದಲ್ಲಿ ತಂದ 50 ವ್ಯಾಟಿನ ಹೀಟರ್ ಬೇಸಿಗೆಯಲ್ಲಿ ಸಾಕಾಗಿ ಚಳಿಗಾಲದಲ್ಲಿ ಸೋಲುವುದು ಇದಕ್ಕೇ. ಇನ್ನೊಂದು ಕಾರಣವನ್ನು ಯಾರೂ ಯೋಚಿಸುವುದಿಲ್ಲ, ಅದು ವೋಲ್ಟೇಜ್. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟಿಗೆ 75 ವ್ಯಾಟ್ ಕೊಡುವ ಹೀಟರ್ 190 ವೋಲ್ಟಿನಲ್ಲಿ 51 ವ್ಯಾಟ್ ಮಾತ್ರ ಕೊಡುತ್ತದೆ. ತೋಟದ ಮನೆಗಳಲ್ಲಿ ಸಂಜೆ ಪಂಪ್‌ಸೆಟ್ ಓಡುವ ಹೊತ್ತಿಗೆ ಪ್ಲಗ್ಗಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. ದೋಷ ಹೀಟರಿನದ್ದಲ್ಲದಿರಬಹುದು.

ಹೆಚ್ಚು ಅಪಾಯಕಾರಿ ದೋಷ ಇದಕ್ಕೆ ತದ್ವಿರುದ್ಧ: ಒಳಗಿನ ಸ್ವಿಚ್ ಅಂಟಿಕೊಂಡು ಹೀಟರ್ ಆರುವುದೇ ಇಲ್ಲ. ಕೋಣೆಗೆ ಸೋರಿಹೋಗುವ ಶಾಖವನ್ನು ಬಿಟ್ಟು ಲೆಕ್ಕ ಹಾಕಿದರೆ 100 ವ್ಯಾಟ್ 45 ಲೀಟರ್ ನೀರನ್ನು ಅರ್ಧ ಗಂಟೆಗೆ ಒಂದು ಡಿಗ್ರಿ ಏರಿಸುತ್ತದೆ. ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅದಕ್ಕೇ 100ರ ಒಂದು ಹೀಟರಿಗಿಂತ 50ರ ಎರಡು ಮೇಲು. ಒಂದು ಅಂಟಿಕೊಂಡರೆ ಏರಿಕೆಯ ವೇಗ ಅರ್ಧವಾಗುತ್ತದೆ, ಒಂದು ಸತ್ತರೆ ಇನ್ನೊಂದು ಕೈ ಹಿಡಿಯುತ್ತದೆ. ಎರಡನ್ನೂ ಹೊರಗಿನ ಥರ್ಮೋಸ್ಟಾಟ್ ಕಂಟ್ರೋಲರಿನ ಮೂಲಕ ಕೊಡಿ: ಹೀಟರಿನ ಗುಬುಟು 27ಕ್ಕೆ, ಕಂಟ್ರೋಲರ್ 25.5ಕ್ಕೆ. ಕಂಟ್ರೋಲರಿನ ಪ್ರೋಬ್ ನೀರಿನಿಂದ ಹೊರಗೆ ಜಾರಿದರೆ ಅದು ತಣ್ಣನೆ ಕೋಣೆಯ ತಾಪ ಓದಿ ಹೀಟರನ್ನು ಉರಿಸುತ್ತಲೇ ಇರುತ್ತದೆ. ಹೀರುಬಟ್ಟಲಿನ ಮೇಲೆ ನಂಬಿಕೆ ಇಡದೆ ಕ್ಲಿಪ್ ಹಾಕಿ.

ಬಿಸಿಯಾಗಿದ್ದರೆ ಅರ್ಧ ಲೀಟರಿನ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಮುಚ್ಚಳ ಹಾಕಿದಂತೆಯೇ ತೇಲಿಬಿಡಿ. ಪೂರ್ತಿ ಕರಗಿದಾಗ ಒಂದು ಡಿಗ್ರಿ ಚಿಲ್ಲರೆ ಇಳಿದಿರುತ್ತದೆ. ಗಂಟೆಗೆ ಒಂದು ಡಿಗ್ರಿಗಿಂತ ಅವಸರ ಬೇಡ. ಏರಿಸುವಾಗಲೂ ಅದೇ ನಿಯಮ.

ಉಪ್ಪು ಏರಿದ್ದೋ ಇಳಿದದ್ದೋ

ಮಾರ್ಚ್–ಏಪ್ರಿಲ್‌ನಲ್ಲಿ ಫ್ಯಾನ್ ಹಾಕಿದ ಮುಚ್ಚಳವಿಲ್ಲದ ಟ್ಯಾಂಕಿನಿಂದ ದಿನಕ್ಕೆ ಒಂದು ಲೀಟರ್ ಆವಿಯಾಗುವುದು ಸುಲಭ. ಆವಿಯಾಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಒಂದು ದಿನಕ್ಕೆ 35 ಇದ್ದದ್ದು 35.8, ಮೂರು ದಿನ ಊರಿಗೆ ಹೋಗಿ ಬಂದರೆ 37.5. ಬಂದ ತಕ್ಷಣ ಗಾಬರಿಯಿಂದ ಮೂರು ಲೀಟರ್ ಸಿಹಿನೀರು ಒಮ್ಮೆಗೇ ಸುರಿಯುವುದು ಎರಡನೇ ಪೆಟ್ಟು. ಸಣ್ಣ ಪೈಪಿಗೆ ಗಂಟು ಹಾಕಿ ಹನಿಹನಿಯಾಗಿ ಒಂದು ಇಡೀ ದಿನದಲ್ಲಿ ಇಳಿಸಿ. ಹೊಸಬರು ಮಾಡುವ ಇನ್ನೊಂದು ತಪ್ಪು, ಕಡಿಮೆಯಾದ ನೀರಿಗೆ ಉಪ್ಪುನೀರನ್ನೇ ತುಂಬುವುದು. ದಿನಕ್ಕೆ ಒಂದು ಲೀಟರ್ ಹೀಗೆ ತುಂಬಿದರೆ ವಾರದಲ್ಲಿ ಐದು ಪಿಪಿಟಿಗಿಂತ ಹೆಚ್ಚು ಏರುತ್ತದೆ.

ಆಟೋ ಟಾಪ್ ಅಪ್ (ಆವಿಯಾದಷ್ಟು ಸಿಹಿನೀರನ್ನು ತಾನಾಗಿ ತುಂಬುವ ಸಾಧನ) ಇದ್ದವರಿಗೆ ಉಲ್ಟಾ ತೊಂದರೆ. ಫ್ಲೋಟ್ ಸ್ವಿಚ್ಚಿನ ಕಡ್ಡಿಯ ಸುತ್ತ ಬಿಳಿ ಉಪ್ಪಿನ ಪದರ ಕಟ್ಟುತ್ತದೆ, ಅಥವಾ ಒಂದು ಬಸವನಹುಳು ರಾತ್ರಿ ಗಾಜು ಹತ್ತಿ ಬಂದು ಫ್ಲೋಟಿನ ಮೇಲೆ ಕೂರುತ್ತದೆ. ಅದರ ಭಾರಕ್ಕೆ ಫ್ಲೋಟ್ ಕೆಳಗೇ ನಿಂತಿತು, ಪಂಪ್ ನೀರು ಕಡಿಮೆಯಿದೆ ಎಂದು ತುಂಬುತ್ತಲೇ ಹೋಯಿತು. ಸಿಹಿನೀರಿನ ಡಬ್ಬದಲ್ಲಿ ಐದು ಲೀಟರ್ ಇದ್ದರೆ ಬೆಳಿಗ್ಗೆ ಉಪ್ಪಿನಂಶ 31.5. ಇಪ್ಪತ್ತು ಲೀಟರಿನ ಕ್ಯಾನ್ ಇಟ್ಟಿದ್ದರೆ ನೆಲವೆಲ್ಲ ನೀರು, ಟ್ಯಾಂಕಿನಲ್ಲಿ ಜೀವವಿಲ್ಲ. ಆದ್ದರಿಂದ ಈ ಅಳತೆಯ ಟ್ಯಾಂಕಿಗೆ ಮೂರು ಲೀಟರಿಗಿಂತ ದೊಡ್ಡ ಡಬ್ಬ ಬೇಡ. ಫ್ಲೋಟಿನ ಸುತ್ತ ಪ್ಲಾಸ್ಟಿಕ್ ಜಾಲರಿಯ ಕೊಳವೆ ತೊಡಿಸಿ, ತಿಂಗಳಿಗೊಮ್ಮೆ ಬಿಳಿ ವಿನೆಗರಿನಲ್ಲಿ ನೆನೆಸಿ ತೊಳೆಯಿರಿ.

ಇದೆಲ್ಲಕ್ಕೂ ಮೊದಲು ಅಳೆಯುವ ಸಾಧನವೇ ಸರಿಯಿದೆಯೇ ನೋಡಬೇಕು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ಆರ್‌ಒ ನೀರಿನಿಂದ ಸೊನ್ನೆಗೆ ಕೂರಿಸಿದರೆ 35ರ ಹತ್ತಿರ ತಪ್ಪು ಓದುವ ಸಾಧ್ಯತೆ ಉಂಟು. 35ರ ಮಾಪನ ದ್ರಾವಣವನ್ನು ಮನೆಯಲ್ಲೇ ಮಾಡಬಹುದು: 96.35 ಗ್ರಾಂ ಶುದ್ಧ ನೀರಿಗೆ 3.65 ಗ್ರಾಂ ಒಣ ಪುಡಿ ಉಪ್ಪು. ಅಡುಗೆಮನೆಯ ತಕ್ಕಡಿ ಬೇಡ, 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಈ ದ್ರಾವಣ ಹಾಕಿದಾಗ ಗೆರೆ 35ಕ್ಕೆ ಬರುವಂತೆ ತಿರುಪು ತಿರುಗಿಸಿ. ಚಳಿಗಾಲದಲ್ಲಿ ಹನಿ ಹಾಕಿ ಅರ್ಧ ನಿಮಿಷ ಬಿಟ್ಟು ಓದಿ.

ಮಲೆನಾಡಿನ ಮಳೆಗಾಲದ್ದೇ ಒಂದು ದೋಷವಿದೆ. ಬಾಯಿ ತೆರೆದ ಉಪ್ಪಿನ ಪ್ಯಾಕೆಟ್ ತೇವ ಹೀರಿ ಗಟ್ಟಿ ಉಂಡೆಯಾಗುತ್ತದೆ. ಆಮೇಲೆ ತೂಕ ಮಾಡಿ ಹಾಕಿದರೂ ಅದರಲ್ಲಿ ಉಪ್ಪು ಕಡಿಮೆ, ನೀರಿನ ಭಾರ ಹೆಚ್ಚು. ಸಾಮಾನ್ಯವಾಗಿ ಲೀಟರಿಗೆ 36ರಿಂದ 40 ಗ್ರಾಂ ಬೇಕಾಗುವ ಉಪ್ಪನ್ನು ಜುಲೈನಲ್ಲಿ ತೂಕದ ಮೇಲೆ ನಂಬದೆ, ಕಲಸಿ, ಪಂಪ್ ಹಾಕಿ ತಿಳಿಯಾದ ಮೇಲೆ ಅಳೆದೇ ಬಳಸಿ. ರಬ್ಬರ್ ರಿಂಗ್ ಇರುವ ಡ್ರಮ್ಮಿನಲ್ಲಿಟ್ಟರೆ ಈ ತಾಪತ್ರಯವಿಲ್ಲ. ಘಾಟಿ ಇಳಿದು ಮಂಗಳೂರಿನಿಂದ ಕ್ಯಾನಿನಲ್ಲಿ ಸಮುದ್ರದ ನೀರು ತರುವವರೂ ಇದ್ದಾರೆ. ಮಳೆಗಾಲದಲ್ಲಿ ನೇತ್ರಾವತಿ ತುಂಬಿ ಹರಿಯುವಾಗ ದಡದ ನೀರು ಸಮುದ್ರದ ನೀರಾಗಿ ಉಳಿದಿರುವುದಿಲ್ಲ. ಬೇಡ.

ಕರೆಂಟ್ ಹೋದ ಮೇಲೆ

ಮರ ಬಿದ್ದು, ಕಂಬ ಉರುಳಿ ಒಂದೆರಡು ದಿನ ಕರೆಂಟಿಲ್ಲದಿರುವುದು ಮೂಡಿಗೆರೆ, ಸಕಲೇಶಪುರದ ಕಡೆಯವರಿಗೆ ಹೊಸದಲ್ಲ. ಟ್ಯಾಂಕಿಗೆ ಆಗ ಮೊದಲು ಬೇಕಾದದ್ದು ಬೆಳಕೂ ಅಲ್ಲ, ಬಿಸಿಯೂ ಅಲ್ಲ. ನೀರಿನ ಮೇಲ್ಮೈ ಕದಡುವ ಒಂದು ಸಾಧನ.

ನಮ್ಮೂರಿನ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರ ಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿವೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರಿನಲ್ಲಿ ಕರಗುವ ಆಮ್ಲಜನಕವೂ ಶೇ. 10ರಷ್ಟು ಕಡಿಮೆ. 25 ಡಿಗ್ರಿಯ ಸಮುದ್ರನೀರು ಕರಾವಳಿಯಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಹಿಡಿದರೆ ಇಲ್ಲಿ 6. ಪಂಪ್ ಓಡುವಾಗ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ತುಂಬಿದ ಟ್ಯಾಂಕಿನಲ್ಲಿ ರಾತ್ರಿ ಪಂಪ್ ನಿಂತರೆ ಮೀನು, ಹವಳ, ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಎಲ್ಲವೂ ಅದೇ ಸಣ್ಣ ದಾಸ್ತಾನಿನಿಂದ ಉಸಿರಾಡಬೇಕು, ಮತ್ತು ಅದು ಕರಾವಳಿಯವರಿಗಿಂತ ಬೇಗ ತೀರುತ್ತದೆ.

ಇನ್ವರ್ಟರ್ ಇದ್ದರೆ ಲೆಕ್ಕ ಸರಳ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಇದೆ, ಅರ್ಧ ಮಾತ್ರ ಬಳಸುವುದು ಬ್ಯಾಟರಿಗೆ ಕ್ಷೇಮ. 100 ವ್ಯಾಟಿನ ಹೀಟರ್ ಸತತವಾಗಿ ಉರಿದರೆ ಆ 900 ಒಂಬತ್ತು ಗಂಟೆಯೊಳಗೆ ಖಾಲಿ. ವೇವ್‌ಮೇಕರ್ (ಟ್ಯಾಂಕಿನೊಳಗೆ ನೀರು ಹರಿಸುವ ಪಂಪ್) ಮತ್ತು ಏರ್ ಪಂಪಿಗೆ 10 ವ್ಯಾಟ್, ಇನ್ವರ್ಟರ್ ತಾನೇ ತಿನ್ನುವ 20 ವ್ಯಾಟ್ ಎಂದಿಟ್ಟುಕೊಂಡರೆ 30 ಗಂಟೆ ಬರುತ್ತದೆ. ಆದ್ದರಿಂದ ಹೀಟರ್, ದೀಪ ಎರಡನ್ನೂ ಇನ್ವರ್ಟರ್ ಲೈನಿನಿಂದ ಬಿಡಿಸಿ, ಟ್ಯಾಂಕಿಗೆ ದಪ್ಪ ಕಂಬಳಿ ಸುತ್ತಿ. ಮೇಲ್ಭಾಗ ಮಾತ್ರ ತೆರೆದಿರಲಿ. ಇನ್ವರ್ಟರ್ ಇಲ್ಲದವರು ಟಾರ್ಚಿನ ದಪ್ಪ ಸೆಲ್ಲಿನಲ್ಲಿ ಓಡುವ ಏರ್ ಪಂಪನ್ನು ಮೇ ತಿಂಗಳಲ್ಲೇ ತಂದಿಟ್ಟುಕೊಳ್ಳಿ. ಏನೂ ಇಲ್ಲದಿದ್ದರೆ ಒಂದು ಲೋಟದಿಂದ ನೀರು ಎತ್ತಿ ಒಂದಡಿ ಮೇಲಿನಿಂದ ಸುರಿಯುವುದನ್ನು ಅರ್ಧ ಗಂಟೆಗೊಮ್ಮೆ ಐದು ನಿಮಿಷ ಮಾಡಿ. ಆಹಾರ ಹಾಕಬೇಡಿ.

ಕರೆಂಟ್ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಸುಣ್ಣ ಕಟ್ಟಿದ ಪಂಪ್ ನಿಲ್ಲದೆ ಓಡುತ್ತಿರುವವರೆಗೂ ಓಡುತ್ತದೆ, ಒಮ್ಮೆ ನಿಂತರೆ ಮತ್ತೆ ತಿರುಗುವುದಿಲ್ಲ. ಗುಂಯ್ ಎನ್ನುತ್ತದೆ, ನೀರು ಬರುವುದಿಲ್ಲ. ಸದ್ದು ಕೇಳಿ ಸರಿಯಿದೆ ಎಂದುಕೊಂಡು ಕೆಲಸಕ್ಕೆ ಹೋದರೆ ಕಷ್ಟ. ಪ್ರತಿ ಪಂಪಿನ ಮುಂದೆ ಕೈ ಇಟ್ಟು ಹರಿವು ನೋಡಿ. ಎರಡು ತಿಂಗಳಿಗೊಮ್ಮೆ ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ರೆಕ್ಕೆ) ಬಿಚ್ಚಿ, ಸಮಪಾಲು ವಿನೆಗರ್–ನೀರಿನಲ್ಲಿ ಒಂದು ಗಂಟೆ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಏಪ್ರಿಲ್–ಮೇ ಗುಡುಗಿನ ಮಳೆಗೆ ಎಲ್‌ಇಡಿ ಡ್ರೈವರ್ ಸುಟ್ಟುಹೋಗುವುದು ಬೇರೆ. ಸಿಡಿಲು ಕೇಳಿಸಿದರೆ ದೀಪದ ಪ್ಲಗ್ ಕಿತ್ತಿಡಿ. ಒಂದು ಸಂಜೆ ಕತ್ತಲಿದ್ದರೆ ಹವಳಕ್ಕೆ ಏನೂ ಆಗದು.

ನೀರಿನೊಳಗೆ ಬಂದ ತಾಮ್ರ

ಸಿಗಡಿ, ಬಸವನಹುಳು, ಹವಳ ಇವು ತಾಮ್ರವನ್ನು ಸ್ವಲ್ಪವೂ ತಾಳುವುದಿಲ್ಲ. ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಕೊಡುವ ತಾಮ್ರದ ಔಷಧಿಯನ್ನು ರೀಫ್ ಟ್ಯಾಂಕಿಗೆ ಹಾಕಬಾರದೆಂದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಮನೆಗಳಲ್ಲಿ ತಾಮ್ರ ಔಷಧಿ ಬಾಟಲಿಯಿಂದ ಬರುವುದಿಲ್ಲ. ಬಚ್ಚಲಿನ ತಾಮ್ರದ ಹಂಡೆಯಿಂದ ಬರುತ್ತದೆ: ಚಳಿಗೆ ಬೆಚ್ಚಗಿನ ನೀರು ಬೇಕೆಂದು ಹಂಡೆಯಿಂದ ಒಂದು ಚೊಂಬು ತೆಗೆದು ಉಪ್ಪು ಕಲಸುತ್ತಾರೆ. ಹಿತ್ತಾಳೆ ನಲ್ಲಿಯಲ್ಲಿ ರಾತ್ರಿಯಿಡೀ ನಿಂತ ನೀರಿನಿಂದ ಬರುತ್ತದೆ. ಮೈಲುತುತ್ತ ಕಲಸಿದ ಬಕೆಟ್ಟಿನಿಂದ ಬರುತ್ತದೆ. ಅಡಿಕೆಗೆ ಮುಂಗಾರಿಗೆ ಮೊದಲು ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಬೀಳುತ್ತದೆ. ಆ ಬಕೆಟ್ಟನ್ನು ಎಷ್ಟೇ ತೊಳೆದರೂ ಬಾಯಿಯ ಅಂಚಿನ ಮಡಿಕೆಯೊಳಗೆ ತಿಳಿನೀಲಿ ಗೆರೆ ಉಳಿದಿರುತ್ತದೆ. ಬೆರಳಿನಿಂದ ಸವರಿ ನೋಡಿ. ರೀಫಿಗೆ ಬಕೆಟ್, ಮಗ್, ಪೈಪ್ ಹೊಸದಾಗಿ ತಂದು ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ. ಸಿಂಪಡಣೆಯ ದಿನ ತೋಟದಿಂದ ಬಂದ ಕೈಯನ್ನು ಟ್ಯಾಂಕಿಗೆ ಹಾಕಬೇಡಿ.

ಇನ್ನೊಂದು ದಾರಿ ಅಡುಗೆಮನೆಯ ಆರ್‌ಒ ಯಂತ್ರ. ಈಗ ಮಾರುಕಟ್ಟೆಯಲ್ಲಿ ನೀರಿಗೆ ತಾಮ್ರ ಸೇರಿಸುವ ಕಾರ್ಟ್ರಿಡ್ಜ್ ಇರುವ ಯಂತ್ರಗಳೂ ಇವೆ. ಕುಡಿಯುವವರಿಗೆ ಏನಾದರೂ ಇರಲಿ, ರೀಫಿಗೆ ಅದು ವಿಷ. ತಾಮ್ರವಿಲ್ಲದ ಯಂತ್ರದಲ್ಲೂ ರುಚಿಗೆಂದು ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಕಂಟ್ರೋಲರ್ ಸ್ವಲ್ಪ ಹಸಿ ನೀರನ್ನು ಬೆರೆಸುತ್ತದೆ. ನಾಣ್ಯ ಹಾಕುವ ಶುದ್ಧ ನೀರಿನ ಘಟಕದ ನೀರಿನ ಟಿಡಿಎಸ್ಸೂ ಇವತ್ತಿದ್ದಂತೆ ನಾಳೆ ಇರುವುದಿಲ್ಲ. ಮೆಂಬ್ರೇನಿನಿಂದ ಬಂದ ನೀರನ್ನು ಬೆರಕೆಗೆ ಮೊದಲೇ ‘ಟೀ’ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ತೆಗೆದು, ಡಿಐ (ಉಳಿದ ಲವಣ ಹೀರುವ) ರೆಸಿನ್ ಕೊಳವೆಯ ಮೂಲಕ ಹಾಯಿಸಿ. ಟಿಡಿಎಸ್ ಮೀಟರಿನಲ್ಲಿ 0 ಬರಬೇಕು. 1 ತೋರಿಸಿದ ದಿನವೇ ರೆಸಿನ್ ಬದಲಿಸಿ, ಏಕೆಂದರೆ ಮುಗಿಯುತ್ತಾ ಬಂದ ರೆಸಿನ್ ತಾನು ಹಿಡಿದಿದ್ದನ್ನು ಬಿಡತೊಡಗುತ್ತದೆ. ಗಡಸು ಬೋರ್ ನೀರಿನ ಮನೆಗಳಲ್ಲಿ ರೆಸಿನ್ ಬೇಗ ತೀರುತ್ತದೆ, ಹೇಮಾವತಿ ಅಥವಾ ಯಗಚಿಯ ನಲ್ಲಿ ನೀರಿನಲ್ಲಿ ಬಹಳ ದಿನ ಬರುತ್ತದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಮೆಂಬ್ರೇನಿಗೆ ಮುಂಚಿನ ಕಾರ್ಬನ್ ಫಿಲ್ಟರನ್ನು ಆರು ತಿಂಗಳಿಗೊಮ್ಮೆಯಾದರೂ ಬದಲಿಸಬೇಕು.

ಮಳೆ ನೀರು ಹಿಡಿಯುವ ಆಸೆಯೂ ಸಹಜ, ಮೀಟರ್ 10 ತೋರಿಸುತ್ತದೆ. ಆದರೆ ಆ 10 ಏನೆಂದು ಮೀಟರ್ ಹೇಳುವುದಿಲ್ಲ. ತಗಡಿನ ಮಾಡಿನಿಂದ ಇಳಿದ ಸತುವೂ ಆಗಿರಬಹುದು.

ತಾಮ್ರದ ಅನುಮಾನ ಬಂದರೆ ಶೇ. 25ರಷ್ಟು ನೀರನ್ನು ಒಳ್ಳೆಯ ನೀರಿನಿಂದ ಬದಲಿಸಿ, ಲೋಹ ಹೀರುವ ಪ್ಯಾಡ್ ಅಥವಾ ರೆಸಿನ್ ಹಾಕಿ. ಕೆಲವು ಪ್ಯಾಡ್‌ಗಳು ತಾಮ್ರ ಸಿಕ್ಕರೆ ನೀಲಿಗೆ ತಿರುಗುತ್ತವೆ, ಅದೇ ಒಂದು ಪರೀಕ್ಷೆ. ಮಾಮೂಲಿ ತಾಮ್ರದ ಕಿಟ್ ಶೂನ್ಯ ತೋರಿಸಿದರೆ ನಂಬಿ ಕೂರಬೇಡಿ. ಹವಳಕ್ಕೆ ತಗುಲುವ ಪ್ರಮಾಣ ಅದರ ಕಣ್ಣಿಗೆ ಬೀಳುವುದಿಲ್ಲ. ಕಲ್ಲು ಹೀರಿದ ತಾಮ್ರ ನಿಧಾನವಾಗಿ ಹೊರಬರುತ್ತದೆ, ಆದ್ದರಿಂದ ಪ್ಯಾಡ್ ವಾರಗಟ್ಟಲೆ ಇರಲಿ. ಹಾಗೆಯೇ ಗಾಜು ಉಜ್ಜುವ ಆಯಸ್ಕಾಂತ, ವೇವ್‌ಮೇಕರಿನ ಆಯಸ್ಕಾಂತ ಎರಡನ್ನೂ ಹೊರಗೆ ತೆಗೆದು ಅಂಚು ನೋಡಿ. ಪ್ಲಾಸ್ಟಿಕ್ ಹೊದಿಕೆ ಸೀಳಿ ಕೂದಲೆಳೆಯಷ್ಟು ಕಂದು ಗೆರೆ ಕಂಡರೆ, ಒಂದು ಕಡೆ ಉಬ್ಬಿದ್ದರೆ, ಒಳಗೆ ತುಕ್ಕು ಹಿಡಿದಿದೆ. ಎಸೆದುಬಿಡಿ.

ಮಳೆಗಾಲದಲ್ಲಿ ಇಳಿಯುವ ಪಿಎಚ್

ಜೂನ್‌ನಿಂದ ಕಿಟಕಿಗಳೆಲ್ಲ ಮುಚ್ಚಿ, ಬಚ್ಚಲ ಒಲೆ ಉರಿದು, ನಾಲ್ಕೈದು ಜನ ಒಳಗೇ ಇದ್ದರೆ ಕೋಣೆಯ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಪಿಎಚ್ 7.7 ಕಾಣಿಸುತ್ತದೆ. ಪಿಎಚ್ ಏರಿಸುವ ಪುಡಿ ಹಾಕುವ ಮೊದಲು ಇದನ್ನು ಮಾಡಿ: ಒಂದು ಲೋಟ ಟ್ಯಾಂಕ್ ನೀರನ್ನು ಜಗುಲಿಗೆ ಒಯ್ದು ಏರ್ ಪಂಪಿನಿಂದ ಒಂದು ಗಂಟೆ ಗಾಳಿ ಊದಿ ಮತ್ತೆ ಅಳೆಯಿರಿ. 0.2 ಅಥವಾ ಹೆಚ್ಚು ಏರಿದರೆ ದೋಷ ಕೋಣೆಯ ಗಾಳಿಯದ್ದು. ಕಿಟಕಿ ಒಂದು ಬೆರಳು ತೆರೆದರೂ ಸಾಕು, ಅಥವಾ ಏರ್ ಪಂಪಿನ ಬಾಯಿಗೆ ಪೈಪ್ ಹಾಕಿ ಹೊರಗೆ ಬಿಡಿ. ತೋಟದಲ್ಲಿ ಸಿಂಪಡಣೆ ನಡೆಯುವ ದಿನ ಮಾತ್ರ ಆ ಪೈಪನ್ನು ಒಳಗೆಳೆದುಕೊಳ್ಳಿ.

ಏರದಿದ್ದರೆ ಕೆಎಚ್ ಅಳೆಯಿರಿ. ಅದು 7ಕ್ಕಿಂತ ಕೆಳಗಿದ್ದರೆ ಅಡುಗೆ ಸೋಡದಿಂದ ಏರಿಸಬಹುದು. ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಬೇರೆ ಪದಾರ್ಥಗಳಿವೆ. 45 ಲೀಟರಿಗೆ 1 ಡಿಕೆಎಚ್ (ಕೆಎಚ್‌ನ ಒಂದು ಅಂಕ) ಏರಿಸಲು 1.35 ಗ್ರಾಂ. ಅರ್ಧ ಲೋಟ ಆರ್‌ಒ ನೀರಿನಲ್ಲಿ ಕರಗಿಸಿ, ವೇವ್‌ಮೇಕರಿನ ಮುಂದೆ ನಿಧಾನವಾಗಿ ಬಿಡಿ. ದಿನಕ್ಕೆ 1ಕ್ಕಿಂತ ಹೆಚ್ಚು ಏರಿಸಬೇಡಿ. ಮೃದು ಹವಳದ ಟ್ಯಾಂಕಿಗೆ ವಾರಕ್ಕೆ ನಾಲ್ಕೂವರೆ ಲೀಟರ್ ನೀರು ಬದಲಿಸುತ್ತಿದ್ದರೆ ಸಾಮಾನ್ಯವಾಗಿ ಇದರ ಅಗತ್ಯ ಬರುವುದಿಲ್ಲ.

ಒಂದೇ ಹವಳ ಮುನಿಸಿಕೊಂಡಾಗ

ಲೆದರ್ ಹವಳ ಮೈಮೇಲೆ ಮೇಣದಂಥ ಪದರ ಕಟ್ಟಿಕೊಂಡು ವಾರಗಟ್ಟಲೆ ಮುಚ್ಚಿಕೊಳ್ಳುವುದು ರೋಗವಲ್ಲ, ಪೊರೆ ಬಿಡುತ್ತಿದೆ. ವೇವ್‌ಮೇಕರನ್ನು ಅದರ ಕಡೆ ಸ್ವಲ್ಪ ತಿರುಗಿಸಿದರೆ ಪದರ ಬೇಗ ಹಾರಿಹೋಗುತ್ತದೆ. ಆ ದಿನಗಳಲ್ಲಿ ಪಕ್ಕದ ಜೋವಾಂಥಸ್ ಕೂಡ ಮುಚ್ಚಿಕೊಂಡರೆ ಕಾರಣ ಬೇರೆ: ಲೆದರ್ ನೀರಿಗೆ ಬಿಡುವ ರಾಸಾಯನಿಕ ನೆರೆಹೊರೆಗೆ ಆಗುವುದಿಲ್ಲ. ತುಂಬಿದ ಟ್ಯಾಂಕಿನಲ್ಲಿ 25 ಗ್ರಾಂ ಸಕ್ರಿಯ ಇಂಗಾಲ ಯಾವಾಗಲೂ ಇರಬೇಕು, ಮೂರು ವಾರಕ್ಕೊಮ್ಮೆ ಹೊಸದು. ಒತ್ತೊತ್ತಾಗಿ ನೆಟ್ಟವರಿಗೆ ಇದು ಐಚ್ಛಿಕವಲ್ಲ.

ಜೋವಾಂಥಸ್‌ನ ಕುತ್ತಿಗೆ ಉದ್ದವಾಗಿ ಬೆಳಕಿನ ಕಡೆ ಚಾಚಿದ್ದರೆ ಬೆಳಕು ಸಾಲದು. ಮಶ್ರೂಮ್ ಚಿಕ್ಕದಾಗಿ ಬಿಳಿಚಿಕೊಂಡು, ಕಲ್ಲು ಬಿಟ್ಟು ತೇಲಿದರೆ ಬೆಳಕು ಹೆಚ್ಚು. ಅದನ್ನು ಮರಳಿನ ಹತ್ತಿರ, ನೆರಳಿನ ಬದಿಗೆ ಇಳಿಸಿ. ದೀಪದ ತೀವ್ರತೆ ಏರಿಸುವುದಾದರೆ ವಾರಕ್ಕೆ ನೂರಕ್ಕೆ ಹತ್ತರಷ್ಟು ಮಾತ್ರ. ಬೆಳಕೂ ಸರಿ, ನೀರೂ ಸರಿ, ಆದರೂ ಒಂದು ಗುಂಪು ಮಾತ್ರ ಮುಚ್ಚಿದ್ದರೆ ದೀಪ ಆರಿ ಎರಡು ಗಂಟೆಯಾದ ಮೇಲೆ ಕೆಂಪು ಬೆಳಕಿನ ಟಾರ್ಚ್ ಹಿಡಿದು ನೋಡಿ. ಜೋವಾಂಥಸ್ ತಿನ್ನುವ ನ್ಯೂಡಿಬ್ರಾಂಕ್ (ಚಿಪ್ಪಿಲ್ಲದ ಪುಟ್ಟ ಸಮುದ್ರ ಹುಳು) ತಾನು ತಿಂದ ಹವಳದ್ದೇ ಬಣ್ಣ ಹೊತ್ತಿರುತ್ತದೆ, ಹಗಲು ಕಣ್ಣಿಗೆ ಬೀಳದು. ಕಾಂಡಗಳ ಬುಡದಲ್ಲಿ ಸುರುಳಿಯಾಗಿ ಅಂಟಿಸಿದ ಬಿಳಿ ಮೊಟ್ಟೆಗಳು ಸಿಕ್ಕರೆ ಸಂಶಯವೇ ಇಲ್ಲ. ಹವಳಕ್ಕೆಂದೇ ಮಾಡಿದ ಡಿಪ್ ದ್ರಾವಣದಲ್ಲಿ ಪೊಟ್ಟಣದ ಮೇಲಿನ ಪ್ರಮಾಣದಂತೆ ಅದ್ದಿ ತೆಗೆಯಿರಿ. ಡಿಪ್ ಮೊಟ್ಟೆಯನ್ನು ಕೊಲ್ಲುವುದಿಲ್ಲ, ಅವನ್ನು ಕೈಯಿಂದಲೇ ಕೆರೆದು ತೆಗೆದು ವಾರದ ನಂತರ ಮತ್ತೆ ಅದ್ದಬೇಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಜೋವಾಂಥಸ್ ಮತ್ತು ಅದರ ಬಂಧು ಪಾಲಿಥೋವಾಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರಬಹುದು. ಕೆರೆಯುವಾಗ, ಕತ್ತರಿಸುವಾಗ ಗ್ಲೌಸ್ ಮತ್ತು ಕನ್ನಡಕ ಕಡ್ಡಾಯ. ಅವು ಅಂಟಿದ ಕಲ್ಲನ್ನು ಶುಚಿ ಮಾಡಲು ಕುದಿಯುವ ನೀರು ಸುರಿಯುವುದು, ಒಲೆಯ ಮೇಲಿಡುವುದು ಎಂದೆಂದಿಗೂ ಬೇಡ. ಆವಿಯೊಂದಿಗೆ ವಿಷ ಶ್ವಾಸಕ್ಕೆ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾಗುತ್ತದೆ.

ಕಂದು ಲೋಳೆ

ಮರಳಿನ ಮೇಲೆ ಒರೆಸಿದರೆ ಹೋಗುವ ಕಂದು ಧೂಳು ಡಯಾಟಮ್. ಹೊಸ ಟ್ಯಾಂಕಿನಲ್ಲಿ ಸಹಜ, ಹಳೆಯದರಲ್ಲಿ ಬಂದರೆ ಮೆಂಬ್ರೇನ್ ಸೋತು ಬೋರ್ ನೀರಿನ ಸಿಲಿಕಾ ಒಳಗೆ ಬರುತ್ತಿದೆ. ಕಡುಕೆಂಪು ಹಾಳೆಯಂತೆ ಏಳುವುದು ಸಯನೋಬ್ಯಾಕ್ಟೀರಿಯಾ. ಹರಿವು ಮುಟ್ಟದ ಜಾಗದಲ್ಲಿ ಹೆಚ್ಚು, ಕೊಳವೆಯಿಂದ ಹೀರಿ ತೆಗೆದು ವೇವ್‌ಮೇಕರಿನ ದಿಕ್ಕು ಬದಲಿಸಿ. ತಲೆನೋವು ಮೂರನೆಯದು: ಗುಳ್ಳೆ ಹೊತ್ತ ಸಿಂಬಳದಂಥ ಕಂದು ಎಳೆಗಳು, ರಾತ್ರಿ ಕಡಿಮೆಯಾಗಿ ಮಧ್ಯಾಹ್ನದ ಹೊತ್ತಿಗೆ ಮತ್ತೆ ಹಾಜರ್. ಅದು ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ, ಚುಟುಕಾಗಿ ಡೈನೋ. ಖಚಿತಪಡಿಸಿಕೊಳ್ಳಲು ಸ್ವಲ್ಪ ಲೋಳೆಯನ್ನು ಬಾಟಲಿಯಲ್ಲಿ ಟ್ಯಾಂಕ್ ನೀರಿನೊಂದಿಗೆ ಚೆನ್ನಾಗಿ ಕುಲುಕಿ, ಕಾಗದದ ಕಾಫಿ ಫಿಲ್ಟರಿನಲ್ಲಿ ಸೋಸಿ (ನಮ್ಮ ಮನೆಯ ಹಿತ್ತಾಳೆ ಫಿಲ್ಟರ್ ಅಲ್ಲ), ಇಳಿದ ತಿಳಿನೀರನ್ನು ಬೆಳಕಿನಡಿ ಒಂದು ಗಂಟೆ ಇಡಿ. ಮತ್ತೆ ಎಳೆಯಾಗಿ ಕೂಡಿಕೊಂಡರೆ ಡೈನೋ.

ಇದಕ್ಕೆ ಜನ ಮಾಡುವುದು ಮಾಡಬಾರದ್ದನ್ನೇ: ಕೊಳೆ ಎಂದುಕೊಂಡು ನೀರು ಬದಲಿಸುತ್ತಾರೆ, ಮೀನಿನ ಊಟ ನಿಲ್ಲಿಸುತ್ತಾರೆ, ಫಾಸ್ಫೇಟ್ ಹೀರುವ ಪುಡಿ ಹಾಕುತ್ತಾರೆ. ಡೈನೋ ಗೆಲ್ಲುವುದೇ ನೈಟ್ರೇಟ್, ಫಾಸ್ಫೇಟ್ ಶೂನ್ಯವಾದ ನೀರಿನಲ್ಲಿ. ಪೈಪೋಟಿಯ ಪಾಚಿ, ಬ್ಯಾಕ್ಟೀರಿಯಾ ಉಪವಾಸ ಬಿದ್ದಾಗ ಅದಕ್ಕೆ ಜಾಗ ಸಿಗುತ್ತದೆ. ನೀರಿನ ಬದಲಾವಣೆ ನಿಲ್ಲಿಸಿ, ಪುಡಿ ತೆಗೆಯಿರಿ, ಊಟ ಹೆಚ್ಚಿಸಿ ನೈಟ್ರೇಟನ್ನು 5ಕ್ಕೂ ಫಾಸ್ಫೇಟನ್ನು 0.05ಕ್ಕೂ ಮೇಲೆ ತನ್ನಿ. ಎಳೆಗಳನ್ನು ಮಧ್ಯಾಹ್ನ ಹೀರಿ, ಹತ್ತಿಯ ಸಾಕ್ಸಿನಲ್ಲಿ ಸೋಸಿ, ಅದೇ ನೀರನ್ನು ವಾಪಸ್ ಬಿಡಿ. ಮೂರು ನಾಲ್ಕು ವಾರ ಹಿಡಿಯುತ್ತದೆ.

ಕೈ ಜುಮ್ಮೆಂದರೆ

ನೀರಿಗೆ ಕೈ ಹಾಕಿದಾಗ, ಮುಖ್ಯವಾಗಿ ಗಾಯವಿರುವ ಬೆರಳು ಜುಮ್ಮೆಂದರೆ, ಹೀಟರಿನ ಗಾಜು ಸೀಳಿದೆ ಅಥವಾ ಪಂಪಿನ ವೈರು ಬಿರುಕು ಬಿಟ್ಟಿದೆ. ಕೈ ತೆಗೆದು ಮೈನ್ ಆಫ್ ಮಾಡಿ, ಆಮೇಲೆ ಒಂದೊಂದೇ ಸಾಧನ ಜೋಡಿಸಿ ಟೆಸ್ಟರಿನಿಂದ ನೋಡಿ. ಹಳೆಯ ಹೆಂಚಿನ ಮನೆಗಳಲ್ಲಿ ಮೂರನೇ ಪಿನ್ನು ಗೋಡೆಯೊಳಗೆ ಎಲ್ಲಿಗೂ ಹೋಗಿರುವುದಿಲ್ಲ. ಎಲೆಕ್ಟ್ರಿಷಿಯನ್‌ನಿಂದ ಅರ್ತಿಂಗ್ ಪರೀಕ್ಷಿಸಿ, ಟ್ಯಾಂಕಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಹಾಕಿಸಿ. ಅದಾಗುವವರೆಗೆ ಪ್ಲಗ್ ಕಿತ್ತೇ ಕೈ ಹಾಕುವುದು. ಪ್ರತಿ ವೈರೂ ಪ್ಲಗ್ಗಿಗೆ ಏರುವ ಮೊದಲು ಒಂದು ಗೇಣು ಕೆಳಗೆ ಜೋತುಬಿದ್ದಿರಲಿ, ಹನಿ ಅಲ್ಲಿಂದ ನೆಲಕ್ಕೆ ಬೀಳುತ್ತದೆ.

ದೋಷ ಸಿಕ್ಕಿ ಸರಿಪಡಿಸಿದ ಮೇಲೆ ಹವಳಕ್ಕೆ ಸಮಯ ಕೊಡಿ. ಉಪ್ಪು ಅಥವಾ ತಾಪದ ಏರುಪೇರಾಗಿದ್ದರೆ ಜೋವಾಂಥಸ್ ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ಅರಳುತ್ತದೆ. ಮೊದಲು ಗುಂಪಿನ ಅಂಚಿನ ನಾಲ್ಕೈದು, ಆಮೇಲೆ ನಡುವಿನವು. ಮಶ್ರೂಮ್ ವಾರ ತೆಗೆದುಕೊಳ್ಳಬಹುದು. ಆ ದಿನಗಳಲ್ಲಿ ಕಲ್ಲು ಸರಿಸುವುದು, ಹೊಸ ಪುಡಿ ಹಾಕುವುದು, ದೀಪ ಹೆಚ್ಚಿಸುವುದು ಯಾವುದೂ ಬೇಡ. ಬೆಳಿಗ್ಗೆ, ಸಂಜೆ ತಾಪ ಮತ್ತು ಉಪ್ಪಿನಂಶವನ್ನು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯಿರಿ. ನಾಲ್ಕನೇ ದಿನವೂ ಒಂದೂ ಅರಳದಿದ್ದರೆ ಮೊದಲ ಅಳತೆಯಿಂದ ಮತ್ತೆ ಶುರು ಮಾಡಿ, ಈ ಸಲ ಬೇರೊಬ್ಬರ ರಿಫ್ರಾಕ್ಟೋಮೀಟರ್, ಬೇರೊಂದು ಥರ್ಮಾಮೀಟರ್ ತಂದು.